ವೈದ್ಯಕೀಯ ಪದಗಳಿಗೂ ಪ್ರಸ್ತಾರ ಹಾಕಬಹುದು

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರುವ ಮಕ್ಕಳ ನಾಲಿಗೆಗೆ ಇಂಗ್ಲಿಷಿನ ಉದ್ದುದ್ದ ವೈದ್ಯಕೀಯ ಪದಗಳು ಹೊರಳುವುದಿಲ್ಲ, ಆದ್ದರಿಂದ ಅಂಥವರು ಮೊದಲೇ ಬೇರೆ ದಾರಿ ನೋಡಿಕೊಳ್ಳುವುದು ಲೇಸು ಎಂಬ ಅಭಿಪ್ರಾಯದ ಓದುಗರೊಬ್ಬರ ಪತ್ರವನ್ನು ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಓದಿದೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರ ತೀರ್ಮಾನವನ್ನು ಒಪ್ಪಲು ಸಾಧ್ಯವಿಲ್ಲ. ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿದವಳು. ಮೂವತ್ತಕ್ಕೂ ಹೆಚ್ಚು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ, ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಆರೇಳು ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು ಈ ಪದಗಳನ್ನೇ ಕಲಿಸುತ್ತಿದ್ದೇನೆ. ಕನ್ನಡ ಶಾಲೆಯ ವ್ಯಾಕರಣ ಪಾಠದಲ್ಲಿ ಕಲಿತದ್ದೇ ಈ ಕೆಲಸಕ್ಕೆ ಬೇಕಾದ ಮುಖ್ಯ ಸಲಕರಣೆ ಎಂಬುದು ನನ್ನ ಅನುಭವ.

ಕಳೆದ ತಿಂಗಳು ಸೊರಬದ ಕಡೆಯ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ಬಂದಳು. ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರ ವಿವರವನ್ನು ತರಗತಿಯಲ್ಲಿ ಮಂಡಿಸುವಾಗ ಅವಳು ‘ಕೋಲಿಸಿಸ್ಟೆಕ್ಟಮಿ’ ಎಂಬ ಪದವನ್ನು ‘ಚೋಲೆ ಸಿಸ್ಟೆಕ್ ಟೋಮಿ’ ಎಂದು ಓದಿದ್ದಳು. ಹಿಂದಿನ ಬೆಂಚಿನಿಂದ ಯಾರೋ ‘ಬಟೂರೆ ಎಲ್ಲಿ’ ಎಂದು ಕೇಳಿದ್ದರು. ಅವಳ ನೋಟ್ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಅಕ್ಷರಗಳು ಇದ್ದವು, ಉಜ್ಜಿ ಅಳಿಸಿ ಮತ್ತೆ ಬರೆದ ಗುರುತೂ ಇತ್ತು. ‘ಇದಕ್ಕೆ ತಲೆ ಎಲ್ಲಿ, ಬಾಲ ಎಲ್ಲಿ ಅಂತಲೇ ಗೊತ್ತಾಗಲ್ಲ ಮೇಡಂ’ ಎಂದಳು. ‘ಪೆನ್ಸಿಲ್ ತಗೋ ಮಾರಾಯ್ತಿ, ಪ್ರಸ್ತಾರ ಹಾಕು’ ಎಂದೆ. ಪದ್ಯದ ಸಾಲಿನಲ್ಲಿ ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು ಎಂದು ಗುರುತು ಹಾಕುತ್ತಾ ಹೋಗುವುದೇ ಪ್ರಸ್ತಾರ. ಅವಳು ನಕ್ಕಳು, ಆಮೇಲೆ ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಹಾಕತೊಡಗಿದಳು.

ಪದವನ್ನು ಒಡೆಯುವುದೆಂದರೆ ಒಂದೇ ಬಗೆಯ ಕೆಲಸವಲ್ಲ ಎಂಬುದನ್ನು ನಾನು ಮೊದಲು ಹೇಳಿಕೊಡುತ್ತೇನೆ. ‘ಕತ್ತಲೆ’ ಎಂಬ ಪದವನ್ನು ಬರಹದಲ್ಲಿ ಒಡೆದರೆ ಕ-ತ್ತ-ಲೆ ಎಂದಾಗುತ್ತದೆ, ಬಾಯಲ್ಲಿ ಹೇಳುವಾಗ ಕತ್-ತ-ಲೆ ಎಂದಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ನಮ್ಮ ಕನ್ನಡ ಪಂಡಿತರು ಬಾಯಿಪಾಠ ಮಾಡಿಸಿದ್ದರ ಗುಟ್ಟು ಇದೇ. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಅಕ್ಷರದ ಹೆಗಲೇರುತ್ತದೆ, ಹೊರೆ ಹೊತ್ತ ಆ ಅಕ್ಷರ ಎರಡು ಮಾತ್ರೆ ತೂಗುತ್ತದೆ. ಜಠರವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಇರುವ ‘ಗ್ಯಾಸ್ಟ್ರೆಕ್ಟಮಿ’ ಎಂಬ ಪದವನ್ನು ಇದೇ ರೀತಿ ನೋಡಿದರೆ, ಬರಹದಲ್ಲಿ ಅದು ಗ್ಯಾ-ಸ್ಟ್ರೆ-ಕ್ಟ-ಮಿ, ನಾಲಿಗೆಯ ಮೇಲೆ ಗ್ಯಾಸ್-ಟ್ರೆಕ್-ಟ-ಮಿ. ಅರ್ಥದಲ್ಲಿ ಮಾತ್ರ ಅದು ಎರಡೇ ತುಂಡು: ಜಠರ ಎಂಬರ್ಥದ ‘ಗ್ಯಾಸ್ಟ್ರ್’ ಮತ್ತು ಕತ್ತರಿಸಿ ತೆಗೆಯುವುದು ಎಂಬರ್ಥದ ‘ಎಕ್ಟಮಿ’. ಬರಹದ ಒಡಕು, ನಾಲಿಗೆಯ ಒಡಕು, ಅರ್ಥದ ಒಡಕು ಎಂಬ ಈ ಮೂರನ್ನೂ ಒಂದೇ ಎಂದು ಭಾವಿಸಿದಾಗಲೇ ವಿದ್ಯಾರ್ಥಿಗಳು ಎಡವುವುದು. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇಲ್ಲಿ ಎಡವುತ್ತಾರೆ, ಎಡವಿದ್ದು ಗೊತ್ತಾಗದಷ್ಟು ವೇಗವಾಗಿ ಹೇಳಿ ಮುಗಿಸುತ್ತಾರೆ ಅಷ್ಟೇ.

ಸೊರಬದ ಹುಡುಗಿ ಹಾಕಿದ ಪ್ರಸ್ತಾರದಲ್ಲಿ ಕೋ ಗುರು, ಲಿ ಲಘು, ಸಿಸ್ ಗುರು, ಟೆಕ್ ಗುರು, ಕೊನೆಯ ಟ ಮತ್ತು ಮಿ ಎರಡೂ ಲಘು ಎಂದು ಬಂತು. ಕೊನೆಯ ಮೂರನ್ನು ಸುತ್ತು ಹಾಕಿಸಿ ಇದು ಯಾವ ಗಣವೆಂದು ಕೇಳಿದೆ. ಆದಿಯಲ್ಲಿ ಗುರು ಬಂದರೆ ಭಗಣ ಎಂದು ಅವಳೇ ಹೇಳಿದಳು. ಇಂಗ್ಲಿಷಿನವರು ಈ ಪದದಲ್ಲಿ ದನಿಯನ್ನು ಒತ್ತುವುದೂ ಆ ಗುರುವಿನ ಮೇಲೆಯೇ, ಅಂದರೆ ಕೊನೆಯಿಂದ ಎಣಿಸಿದರೆ ಮೂರನೆಯ ತುಂಡಿನ ಮೇಲೆ. ‘ಎಕ್ಟಮಿ’ ಎಂದು ಮುಗಿಯುವ ಪದಗಳಲ್ಲೂ ‘ಲಜಿ’ ಎಂದು ಮುಗಿಯುವ ಪದಗಳಲ್ಲೂ ಇದೇ ಕಟ್ಟು. ಕಾರ್ಡಿಯಾಲಜಿಯಲ್ಲಿ ಯಾ-ಲ-ಜಿ, ನ್ಯೂರಾಲಜಿಯಲ್ಲಿ ರಾ-ಲ-ಜಿ, ಅಪೆಂಡೆಕ್ಟಮಿಯಲ್ಲಿ ಡೆಕ್-ಟ-ಮಿ, ಎಲ್ಲವೂ ಭಗಣದಲ್ಲೇ ಮುಗಿಯುತ್ತವೆ. ಉರಿಯೂತ ಎಂಬರ್ಥದ ‘ಐಟಿಸ್’, ರೋಗಸ್ಥಿತಿ ಎಂಬರ್ಥದ ‘ಓಸಿಸ್’ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಆರ್ಥ್ರೈಟಿಸ್, ಹೆಪಟೈಟಿಸ್, ಫೈಬ್ರೋಸಿಸ್ ಇವೆಲ್ಲ ಎರಡು ಗುರುಗಳಲ್ಲಿ ಮುಗಿಯುತ್ತವೆ, ದನಿಯ ಭಾರ ಆ ಎರಡರಲ್ಲಿ ಮೊದಲನೆಯದರ ಮೇಲೆ ಬೀಳುತ್ತದೆ. ಇಂಗ್ಲಿಷಿನ ಎಲ್ಲ ಪದಗಳೂ ನಮ್ಮ ಛಂದಸ್ಸಿಗೆ ಹೀಗೆ ಹೇಳಿ ಮಾಡಿಸಿದಂತೆ ಹೊಂದುತ್ತವೆ ಎಂದು ನಾನು ಹೇಳುತ್ತಿಲ್ಲ. ಯಕೃತ್ತು ದೊಡ್ಡದಾಗುವುದಕ್ಕೆ ಇರುವ ‘ಹೆಪಟೋಮೆಗಲಿ’ಯಲ್ಲಿ ದನಿ ಒತ್ತುವ ‘ಮೆ’ ನಮ್ಮ ಲೆಕ್ಕದಲ್ಲಿ ಬರೀ ಲಘು. ಆದರೂ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕಿಗಾಗಿ ಕಲಿತು ಮರೆತ ವಿದ್ಯೆಯೊಂದು ವಾರ್ಡಿನಲ್ಲಿ ಇಷ್ಟರಮಟ್ಟಿಗೆ ಉಪಯೋಗಕ್ಕೆ ಬಂದರೆ ಬೇಡವೆನ್ನುವವರು ಯಾರು?

ಇನ್ನು ಅರ್ಥದ ಒಡಕು. ಗ್ರೀಕ್ ಭಾಷೆಯ ‘ಕೋಲೆ’ ಎಂದರೆ ಪಿತ್ತ, ‘ಸಿಸ್ಟ್’ ಎಂದರೆ ಚೀಲ ಅಥವಾ ಕೋಶ. ನಾವು ಪಿತ್ತಕೋಶ ಎನ್ನುವುದನ್ನೇ ಅವರು ಅದೇ ಎರಡು ತುಂಡುಗಳಲ್ಲಿ ಅದೇ ಕ್ರಮದಲ್ಲಿ ಹೇಳಿದ್ದಾರೆ. ಇದು ತಿಳಿದ ಮೇಲೆ ‘ಚೋಲೆ’ಯ ಭಯ ಉಳಿಯುವುದಿಲ್ಲ. ಗ್ರೀಕ್ ಮೂಲದ ಪದಗಳಲ್ಲಿ ಸಿ ಮತ್ತು ಎಚ್ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಅದು ‘ಕ’ ಎಂಬ ಸಂಗತಿಯೂ ನಮ್ಮವರಿಗೆ ಹೊಸದಲ್ಲ, ಕಾಲರಾವನ್ನು ಚಾಲರಾ ಎಂದವರನ್ನು ನಾನಂತೂ ಕಂಡಿಲ್ಲ. ತುಂಡುಗಳು ಕೂಡುವ ಬಗೆಯೂ ನಮಗೆ ಪರಿಚಿತವೇ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಹೇಗೆ ಬಿದ್ದುಹೋಗುತ್ತದೋ ಹಾಗೆಯೇ ‘ಗ್ಯಾಸ್ಟ್ರೋ’ ಮತ್ತು ‘ಐಟಿಸ್’ ಸೇರಿ ‘ಗ್ಯಾಸ್ಟ್ರೈಟಿಸ್’ ಆಗುವಾಗ ಓಕಾರ ಬಿದ್ದುಹೋಗುತ್ತದೆ. ಇದು ನಮ್ಮ ಲೋಪಸಂಧಿಯಂತೆಯೇ ಇದೆ. ಮುಂದೆ ವ್ಯಂಜನವಿದ್ದರೆ ಓಕಾರ ಉಳಿಯುತ್ತದೆ. ಜಠರ ಮತ್ತು ಕರುಳು ಎಂಬ ಎರಡು ಅಂಗಗಳ ಹೆಸರು ಕೂಡಿದ ‘ಗ್ಯಾಸ್ಟ್ರೋಎಂಟರಾಲಜಿ’ಯಲ್ಲಿ ಮುಂದೆ ಸ್ವರವಿದ್ದರೂ ಓಕಾರ ಕದಲುವುದಿಲ್ಲ, ನಮ್ಮ ವ್ಯಾಕರಣ ಇಂಥದ್ದನ್ನು ಪ್ರಕೃತಿಭಾವ ಎನ್ನುತ್ತದೆ. ಅರಿಸಮಾಸವೂ ಅಲ್ಲಿ ಉಂಟು. ‘ಹೈಪರ್’ ಗ್ರೀಕ್, ‘ಟೆನ್ಶನ್’ ಲ್ಯಾಟಿನ್, ಎರಡನ್ನೂ ಹೊಲಿದು ‘ಹೈಪರ್‌ಟೆನ್ಶನ್’ ಮಾಡಿದ್ದಾರೆ. ಟಾನ್ಸಿಲೆಕ್ಟಮಿಯ ಕಥೆಯೂ ಅಷ್ಟೇ. ನಮ್ಮ ಪಂಡಿತರು ಇದ್ದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು.

ಬರೆದಂತೆ ಓದುವುದು ನಮ್ಮ ಭಾಷೆಯ ಸುಖ, ಈ ಪದಗಳಲ್ಲಿ ಆ ಸುಖ ಸಿಗುವುದಿಲ್ಲ ಎಂಬುದು ನಿಜ. ನ್ಯುಮೋನಿಯಾದ ಮುಂದೆ ಒಂದು ‘ಪಿ’ ಸುಮ್ಮನೆ ನಿಂತಿರುತ್ತದೆ, ಸೈಕಿಯಾಟ್ರಿಯ ಮುಂದೆಯೂ ನಿಂತಿರುತ್ತದೆ. ಆದರೆ ಮೊದಲಲ್ಲಿ ಮಲಗಿದ ಅಕ್ಷರ ನಡುವೆ ಬಂದಾಗ ಎದ್ದು ಕೂರುತ್ತದೆ ಎಂಬ ಸೊಗಸನ್ನು ಯಾರೂ ಹೇಳಿಕೊಡುವುದಿಲ್ಲ. ಉಸಿರಾಟ ಎಂಬರ್ಥದ ತುಂಡು ಪದದ ಆರಂಭದಲ್ಲಿ ಬಂದರೆ ಅದರ ‘ಪಿ’ಗೆ ದನಿಯಿಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವ ‘ಆಪ್ನಿಯಾ’ದಲ್ಲಿ ಅದು ಹಿಂದಿನ ಸ್ವರದ ಆಸರೆ ಪಡೆದು ಆಪ್-ನಿ-ಯಾ ಎಂದು ಕೇಳಿಸುತ್ತದೆ. ಅರ್ಥದಲ್ಲಿ ಒಡೆದರೆ ‘ಆ’ ಬೇರೆ, ‘ಪ್ನಿಯಾ’ ಬೇರೆ. ನಾಲಿಗೆ ಒಡೆಯುವುದು ಬೇರೆ ಕಡೆ. ಕಣ್ಣಿನ ಬಿಳಿಯ ಮೇಲೆ ರೆಕ್ಕೆಯಂತೆ ಬೆಳೆಯುವ ಪೊರೆಗೆ ‘ಟೆರಿಜಿಯಂ’ ಎಂಬ ಹೆಸರಿದ್ದು, ಅದರ ಮೊದಲ ಅಕ್ಷರವೂ ದನಿಯಿಲ್ಲದ ‘ಪಿ’ಯೇ. ರೆಕ್ಕೆ ಎಂಬ ಅದೇ ಮೂಲದಿಂದ ಬಂದ ‘ಹೆಲಿಕಾಪ್ಟರ್’ನಲ್ಲಿ ಆ ‘ಪಿ’ ಸ್ಪಷ್ಟವಾಗಿ ಕೇಳುತ್ತದೆ. ಎಲ್ಲರೂ ಹೆಲಿ-ಕಾಪ್ಟರ್ ಎಂದು ಒಡೆಯುವ ಆ ಪದ ಅರ್ಥದಲ್ಲಿ ಒಡೆಯುವುದು ಹೆಲಿಕೋ-ಪ್ಟರ್ ಎಂದು, ಅಂದರೆ ಸುರುಳಿ ಮತ್ತು ರೆಕ್ಕೆ ಎಂದು.

ದನಿ ಒತ್ತುವ ವಿಷಯಕ್ಕೆ ಬಂದರೆ, ‘ಒತ್ತು’ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣು ಒತ್ತಕ್ಷರವನ್ನು ಹುಡುಕುತ್ತದೆ. ಕನ್ನಡದಲ್ಲಿ ದನಿಯ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಇದು ನಮಗೆ ನಿಜಕ್ಕೂ ಹೊಸತು. ಹಾಗೆಂದು ಇಂಗ್ಲಿಷಿನವರ ಉಚ್ಚಾರವನ್ನೇ ಅನುಕರಿಸಬೇಕೆಂಬ ಹಟ ನನಗಿಲ್ಲ. ಇಂಗ್ಲಿಷಿನಲ್ಲಿ ಎನ್-ಡಾಸ್-ಕ-ಪಿ ಎನ್ನುವುದನ್ನು ನಮ್ಮಲ್ಲಿ ವೈದ್ಯರಿಂದ ಆಟೋದವರವರೆಗೆ ಎಲ್ಲರೂ ‘ಎಂಡೋಸ್ಕೋಪಿ’ ಎನ್ನುತ್ತಾರೆ. ಅದು ಈಗ ಕನ್ನಡದ್ದೇ ಪದ, ಅದನ್ನು ತಿದ್ದಲು ಹೋಗುವುದು ವೃಥಾ ಶ್ರಮ. ಸ್ವರಗಳನ್ನು ನುಂಗದೆ ಪೂರ್ತಿ ಹೇಳುವ ನಮ್ಮ ಅಭ್ಯಾಸ ಕೆಲವೆಡೆ ರೋಗಿಗೆ ಒಳ್ಳೆಯದನ್ನೇ ಮಾಡುತ್ತದೆ. ಪದದ ಕೊನೆಯ ‘ರ್’ ನುಂಗುವ ಬ್ರಿಟಿಷ್ ಬಾಯಲ್ಲಿ ‘ಹೈಪೋ’ ಮತ್ತು ‘ಹೈಪರ್’ ನಡುವಿನ ಅಂತರ ತೀರ ಸಣ್ಣದು. ನಾವು ‘ಪೋ’ವನ್ನು ದೀರ್ಘವಾಗಿಯೂ ‘ರ್’ ಅನ್ನು ಗಟ್ಟಿಯಾಗಿಯೂ ಹೇಳುವುದರಿಂದ ಥೈರಾಯ್ಡ್ ಕಮ್ಮಿಯೋ ಜಾಸ್ತಿಯೋ ಎಂಬ ಗೊಂದಲಕ್ಕೆ ಆಸ್ಪದ ಕಡಿಮೆ.

ಆದರೆ ಗೊಂದಲ ಎಲ್ಲಿಯೂ ಆಗುವುದಿಲ್ಲವೆಂದು ಹೇಳಿದರೆ ನಾನು ಸುಳ್ಳಾಡಿದಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಘಟ್ಟದ ಅಂಚಿನ ಚಿಕ್ಕ ಆಸ್ಪತ್ರೆಯೊಂದರಲ್ಲಿ ನನಗೆ ರಾತ್ರಿ ಪಾಳಿ ಇತ್ತು. ಹೊರಗೆ ಜಡಿಮಳೆ ಸುರಿಯುತ್ತಿತ್ತು. ಬೇರೆ ಆಸ್ಪತ್ರೆಯಿಂದ ಕಳುಹಿಸಿದ್ದ, ಪಾರ್ಶ್ವವಾಯು ಬಡಿದ ಹಿರಿಯರೊಬ್ಬರ ಬಗ್ಗೆ ಆ ಕಡೆಯ ವೈದ್ಯರು ಫೋನಿನಲ್ಲಿ ‘ಡಿಸ್ಫೇಜಿಯಾ ಇದೆ’ ಎಂದರು. ನುಂಗಲು ಆಗುತ್ತಿಲ್ಲ ಎಂದು ಅದರ ಅರ್ಥ. ಮಾತು ತೊಡಕಾಗುವುದಕ್ಕೆ ‘ಡಿಸ್ಫೇಸಿಯಾ’ ಎನ್ನುತ್ತಾರೆ. ಇಂಗ್ಲಿಷಿನವರು ಆ ‘ಸಿ’ಯನ್ನು ಝಕಾರದ ಕಡೆಗೆ ಎಳೆದು ಹೇಳುತ್ತಾರೆ, ಆ ಝಕಾರ ನಮ್ಮ ಬಾಯಲ್ಲಿ ಜಕಾರವೇ ಆಗುತ್ತದೆ, ಹೀಗಾಗಿ ಎರಡು ಪದಗಳೂ ಫೋನಿನಲ್ಲಿ ಒಂದೇ ಆಗಿಬಿಡುತ್ತವೆ. ಅಜ್ಜನಿಗೆ ಮಾತು ಬರುತ್ತಿಲ್ಲ ಎಂಬುದು ಕಣ್ಣೆದುರೇ ಇದ್ದುದರಿಂದ ನಾನು ಎರಡನೆಯದನ್ನೇ ಕೇಳಿಸಿಕೊಂಡೆ. ಅವರ ಸೊಸೆ ಮನೆಯಿಂದ ತಂದಿದ್ದ ರವೆಗಂಜಿಯನ್ನು ಕುಡಿಸಲು ಒಪ್ಪಿಗೆ ಕೊಟ್ಟೆ. ಎರಡನೆಯ ಚಮಚಕ್ಕೇ ಅಜ್ಜನಿಗೆ ಕೆಮ್ಮು ಹತ್ತಿ ಮುಖ ಕಪ್ಪಿಟ್ಟಿತು. ಸಕ್ಷನ್ ಯಂತ್ರ ಪಕ್ಕದಲ್ಲೇ ಇದ್ದುದರಿಂದ ಅನಾಹುತ ತಪ್ಪಿತು. ‘ಫೇಜ್’ ಎಂದರೆ ತಿನ್ನುವುದು, ‘ಫೇಸ್’ ಎಂದರೆ ನುಡಿಯುವುದು ಎಂಬಷ್ಟು ಒಡೆದು ಅಂದೇ ಯಾರಾದರೂ ಹೇಳಿಕೊಟ್ಟಿದ್ದರೆ ನಾನು ಫೋನಿನಲ್ಲಿ ಮರುಪ್ರಶ್ನೆ ಕೇಳುತ್ತಿದ್ದೆ. ಅಂದಿನಿಂದ ನಿವೃತ್ತಿಯ ದಿನದವರೆಗೂ ಪದವನ್ನು ಹೇಳಿ, ಅದರ ಬೆನ್ನಿಗೇ ಕನ್ನಡದ ಅರ್ಥವನ್ನೂ ಹೇಳಿ ಮುಗಿಸದೆ ನಾನು ಪಾಳಿ ಬಿಟ್ಟುಕೊಟ್ಟಿಲ್ಲ.

ಮಲೆನಾಡಿನವರಿಗೆ ಈ ಪದಗಳು ದೂರದವೂ ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಊರಿನದೇ ಹೆಸರು, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂದು. ಹೊರ ರಾಜ್ಯದಿಂದ ಬಂದ ಯುವ ವೈದ್ಯರೊಬ್ಬರು ಇಂಗ್ಲಿಷ್ ಅಕ್ಷರಗಳನ್ನು ನೋಡಿ ಅದನ್ನು ‘ಕಾಯಾಸನರ್’ ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಅವರಿಗೆ ‘ಕ್ಯಾ’ ಒಂದೇ ಅಕ್ಷರ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅವರನ್ನು ನೋಡಿ ನಮ್ಮಲ್ಲಿ ಯಾರೂ ವೈದ್ಯವೃತ್ತಿ ಬಿಡಿ ಎಂದೂ ಹೇಳಲಿಲ್ಲ. ಆ ಕಾಯಿಲೆ ಹರಡುವ ಉಣುಗಿನ ಕುಲದ ಹೆಸರು ‘ಹೀಮಾಫಿಸಲಿಸ್’. ಹೀಮಾ ಎಂದರೆ ರಕ್ತ, ಫಿಸಲಿಸ್ ಎಂದರೆ ಗುಳ್ಳೆ. ದನದ ಕಿವಿಯ ಹಿಂದೆ ರಕ್ತ ಕುಡಿದು ಹುಣಸೆಬೀಜದಷ್ಟು ಊದಿಕೊಂಡ ಉಣುಗನ್ನು ಕಿತ್ತು ಕೆಂಡಕ್ಕೆ ಹಾಕಿದ ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಒಮ್ಮೆ ಒಡೆದು ಹೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುತ್ತಿದ್ದ ಡಿಎಂಪಿ ತೈಲದ ಪೂರ್ತಿ ಹೆಸರು ‘ಡೈಮಿಥೈಲ್ ಥ್ಯಾಲೇಟ್’. ಆ ಎರಡನೆಯ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಪಿ, ಎಚ್, ಟಿ, ಎಚ್ ಎಂಬ ನಾಲ್ಕು ವ್ಯಂಜನಗಳು ಸಾಲಾಗಿ ನಿಂತಿದ್ದು, ಮೊದಲೆರಡನ್ನು ಬಿಟ್ಟುಬಿಡಬೇಕು.

ಶಾಲೆಗಳ ರಸಪ್ರಶ್ನೆಗಳಲ್ಲಿ ಕೇಳುವ 45 ಅಕ್ಷರಗಳ ಪದದ ಬಗ್ಗೆಯೂ ಒಂದು ಮಾತು. ‘ನ್ಯುಮೋನೋ ಅಲ್ಟ್ರಾ ಮೈಕ್ರೋಸ್ಕೋಪಿಕ್ ಸಿಲಿಕೋ ವೊಲ್ಕೇನೋ ಕೋನಿಯೋಸಿಸ್’ ಎಂಬ ಅದನ್ನು 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಆಟಕ್ಕೆಂದು ಕಟ್ಟಿದರು. ಕಲ್ಲುಪುಡಿಯ ದೂಳಿನಿಂದ ಬರುವ ಆ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ಮಕ್ಕಳು ಆ ಪದವನ್ನು ಒಂದೇ ಉಸಿರಿಗೆ ಒದರಿ ಬಹುಮಾನ ಪಡೆಯುವುದಕ್ಕಿಂತ ಅದನ್ನು ಆರು ತುಂಡು ಮಾಡಿ ಒಂದೊಂದರ ಅರ್ಥ ಹೇಳಿದರೆ ಬಹುಮಾನ ಕೊಡುವುದು ಮೇಲು.

ತಮ್ಮ ಪತ್ರಿಕೆಯಿಂದ ಆಗಬೇಕಾದದ್ದೂ ಇದೆ ಎಂಬ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಗದ್ದೆ ಕೆಲಸದ ದಿನಗಳಲ್ಲಿ ಇಲಿಜ್ವರದ ಸುದ್ದಿ ಬಂದಾಗ ಒಂದೇ ವಾರದಲ್ಲಿ ‘ಲೆಪ್ಟೊಸ್ಪಿರೋಸಿಸ್’, ‘ಲೆಪ್ಟೋಸ್ಪೈರಾಸಿಸ್’, ‘ಲೆಪ್ಟೋಸ್ಪೈರೋಸಿಸ್’ ಎಂಬ ಮೂರು ರೂಪಗಳನ್ನು ತಮ್ಮಲ್ಲಿ ಓದಿದೆ. ಮೂರನೆಯದನ್ನು ಆರಿಸಿಕೊಂಡು ಅದನ್ನೇ ಉಳಿಸಿಕೊಳ್ಳಬೇಕು, ಪಕ್ಕದಲ್ಲಿ ಇಲಿಜ್ವರ ಎಂಬ ನಮ್ಮ ಹೆಸರೂ ಇರಬೇಕು. ಅಂಕಣ ಕಿರಿದಾಗಿರುವುದರಿಂದ ಇಂಥ ಪದಗಳು ಸಾಲಿನ ಕೊನೆಯಲ್ಲಿ ಮುರಿಯುವುದು ಅನಿವಾರ್ಯ. ಆದರೆ ಈಗ ಯಂತ್ರ ಮುರಿದಂತೆ ‘ಲೆಪ್ಟೋಸ್ಪೈ’ ಒಂದು ಸಾಲಿನಲ್ಲಿ, ‘ರೋಸಿಸ್’ ಮುಂದಿನ ಸಾಲಿನಲ್ಲಿ ಬೀಳುವ ಬದಲು ‘ಲೆಪ್ಟೋ’ ಎಂಬಲ್ಲಿ ಕಿರುಗೆರೆ ಹಾಕಿ ಮುರಿದರೆ ತೆಳ್ಳಗಿನದು ಎಂಬರ್ಥದ ತುಂಡು ಇಡಿಯಾಗಿ ಉಳಿಯುತ್ತದೆ, ಸುರುಳಿ ಎಂಬರ್ಥದ ‘ಸ್ಪೈರ್’ ಸೀಳಿಹೋಗುವುದಿಲ್ಲ.

ಅರ್ಕಾವತ್ತಿನ ವಿಚಾರವಾಗಿ ಇನ್ನೊಂದು ಕೋರಿಕೆ. ಕಚೇರಿಯಲ್ಲಿ ಅಕ್ಷರ ಜೋಡಿಸುವವರಿಗೆ ಇದು ಸಣ್ಣದೆನಿಸಬಹುದು. ‘ಹೈಪರ್ಟೆನ್ಶನ್’ ಎಂದು ಅರ್ಕಾವತ್ತು ಕೊಟ್ಟು ಮುದ್ರಿಸಿದಾಗ, ಮೊದಲು ಉಚ್ಚರಿಸಬೇಕಾದ ರಕಾರ ಕಣ್ಣಿಗೆ ‘ಟೆ’ ಆದ ಮೇಲೆ ಬೀಳುತ್ತದೆ, ‘ಹೈಪರ್’ ಎಂಬ ತುಂಡು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ‘ಹೈಪರ್‌ಟೆನ್ಶನ್’ ಎಂದು ಬಿಡಿಸಿ ಮುದ್ರಿಸಿದರೆ ಬೆಸುಗೆ ಕಾಣುತ್ತದೆ. ‘ಕಾರ್ಡಿಯಾಲಜಿ’ಯಂತೆ ರಕಾರ ತುಂಡಿನ ಒಳಗೇ ಇರುವಲ್ಲಿ ಅರ್ಕಾವತ್ತು ಹಾಗೆಯೇ ಇರಲಿ, ಎರಡು ತುಂಡುಗಳು ಕೂಡುವ ಕಡೆ ಮಾತ್ರ ಬಿಡಿಸಿದರೆ ಸಾಕು. ಇನ್ನು ಕೆಲವೇ ವಾರಗಳಲ್ಲಿ ಚಳಿ ಬೀಳತೊಡಗಿ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಮಂಗನ ಕಾಯಿಲೆಯ ವರದಿಗಳು ತಮ್ಮ ಜಿಲ್ಲಾ ಪುಟಕ್ಕೆ ಬರಲಾರಂಭಿಸುತ್ತವೆ. ಆ ವರದಿಗಳಿಂದಲೇ ಈ ಬದಲಾವಣೆಯನ್ನು ಆರಂಭಿಸಬಹುದು. ಅವುಗಳ ತುಣುಕುಗಳನ್ನು ಕತ್ತರಿಸಿ ನಮ್ಮ ಜಗಲಿಯ ಮಕ್ಕಳ ನೋಟ್ ಪುಸ್ತಕಗಳಿಗೆ ಅಂಟಿಸುವ ಕೆಲಸ ನನ್ನದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಶಿವಮೊಗ್ಗ